ಕೈಗೆ ಸಂಕೇತವಿಲ್ಲ

ಶಸ್ತ್ರಕ್ರಿಯೆಯ ಮೇಜಿನ ಮೇಲೆ ತೂಗುತ್ತಿದ್ದ ಶಸ್ತ್ರಸಾಕ್ಷಿ ಯಂತ್ರವು ಕೆಳಗಿನ ಕೈಗಳನ್ನು ನೋಡುತ್ತಿತ್ತು. ಡಾಕ್ಟರ್ ಉಜ್ವಲಾ ಅಂಗಡಿಯವರು ಕೊನೆಯ ಹೊಲಿಗೆ ಹಾಕಿ ಕತ್ತರಿ ಕೆಳಗಿಡುವಷ್ಟರಲ್ಲಿ ಅದು ಒಂದೇ ಒಂದು ಸಂಕೇತವನ್ನು ಬರೆದು, ತಾನು ಸೆರೆಹಿಡಿದ ದೃಶ್ಯವನ್ನೆಲ್ಲ ಅಳಿಸಿಹಾಕಿತು. ಸಂಕೇತದ ಅರ್ಥ, ಗರ್ಭಕೋಶ ತೆಗೆಯಲಾಗಿದೆ. ಮೇಜಿನ ಮೇಲಿದ್ದ ನೀಲವ್ವ ಬದುಕಿದ್ದಳು. ಮಗುವೂ ಬದುಕಿತ್ತು.

ತುಂಗಭದ್ರೆಯ ದಂಡೆಯ ಆ ಊರಿನ ಹೆರಿಗೆ ಆಸ್ಪತ್ರೆಗೆ ಈ ಯಂತ್ರ ಬಂದದ್ದು ಸುಳ್ಳು ನಿಲ್ಲಿಸಲು. ಹಿಂದೆ ಮಾಡದ ಚಿಕಿತ್ಸೆಯನ್ನು ಮಾಡಿದೆವೆಂದು ಬರೆದು ಹಣ ಹೊಡೆಯುವ ಕಳ್ಳರಿದ್ದರು. ಈಗ ಮನುಷ್ಯರು ಬರೆಯುವಂತಿಲ್ಲ. ಯಂತ್ರ ಬರೆದದ್ದೇ ದಾಖಲೆ; ಹೆಂಗಸರ ಮಾನ ಕಾಯಲೆಂದು ದೃಶ್ಯವನ್ನು ಉಳಿಸುವುದಿಲ್ಲ. ಪ್ರತಿ ಚಿಕಿತ್ಸೆಗೂ ಒಂದು ಸಂಕೇತವಿದೆ. ರಕ್ತಸ್ರಾವ ನಿಲ್ಲಿಸುವುದಕ್ಕೂ ಇದೆ. ಆದರೆ ನಿಲ್ಲಿಸುವ ಯತ್ನ ಸೋತು ಕೊನೆಗೆ ಅಂಗವನ್ನೇ ತೆಗೆಯಬೇಕಾಗಿ ಬಂದರೆ, ತೆಗೆದದ್ದನ್ನು ಮಾತ್ರ ಬರೆಯಬೇಕು. ಸೋತ ಯತ್ನ ದೊಡ್ಡ ಕೆಲಸದೊಳಗೆ ಸೇರಿಹೋಗುತ್ತದೆ. ಯಂತ್ರಕ್ಕೆ ಈ ನಿಯಮ ಕಲಿಸಿದವರು ಆಸ್ಪತ್ರೆಯ ಸಂಕೇತ ವಿಜ್ಞಾನಿ ಇಮಾಮಹುಸೇನ ನದಾಫ್. ಒಂದೇ ಕೆಲಸ ಎರಡು ಸಲ ಎಣಿಕೆಯಾಗಬಾರದು ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು.

ನೀಲವ್ವನನ್ನು ಬಾಣಂತನಕ್ಕೆಂದು ತವರಿಗೆ ಕಳಿಸಿದ ಗಂಡ ಫಕ್ಕೀರೇಶ ತಿರುಗಿ ಕರೆಯಲು ಹೋಗಲಿಲ್ಲ. ಮತ್ತೊಂದು ಹೆರಿಗೆ ಬೇಡವೆಂದು ಅವಳೇ ಹೇಳಿ ಗರ್ಭಕೋಶ ತೆಗೆಸಿಕೊಂಡಿದ್ದಾಳೆ ಎಂದು ಅವನ ತಾಯಿ ಓಣಿಗೆಲ್ಲ ಸಾರಿದ್ದಳು. ದಾಖಲೆಯಲ್ಲಿ ರಕ್ತ ನಿಲ್ಲಿಸಲು ನೋಡಿದ ಮಾತೇ ಇರಲಿಲ್ಲ. ಆ ದಾಖಲೆಯ ಕಾಗದ ಹಿಡಿದುಕೊಂಡು ಫಕ್ಕೀರೇಶ ನದಾಫರ ಕೋಣೆಗೆ ಬಂದ.

“ಒಂದ್ ಮಾತು ಕೇಳ್ತೀನ್ರೀ ಸಾಹೇಬ್ರ. ತಗಿಯೂಕಿಂತ ಮೊದ್ಲ ರಕ್ತ ನಿಲ್ಲಸಾಕ ಯಾರರ ನೋಡಿದ್ರೋ ಇಲ್ಲೋ?”

“ನೋಡಿರ್ತಾರ. ಅದಕ್ಕ ಬ್ಯಾರೆ ಸಂಕೇತ ಇರೂದಿಲ್ಲ.”

“ನೋಡಿರ್ತಾರ ಅಂದ್ರ? ನೀವು ಕಂಡೀರೇನು?”

ನದಾಫರು ಕಂಡಿರಲಿಲ್ಲ. ದೃಶ್ಯ ಅಳಿಸಿಹೋದ ಮೇಲೆ ಯಾರೂ ಕಾಣುವಂತಿರಲಿಲ್ಲ. ಅವರು ಡಾಕ್ಟರನ್ನು ಕರೆಸಿದರು. ಉಜ್ವಲಾ ಬಲಗೈಯನ್ನು ಎದೆಗೆ ಆನಿಸಿಕೊಂಡು ಬಂದು ನಿಂತರು. ಒಂದು ಮುಷ್ಟಿಯನ್ನು ಒಳಗೆ, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟು ಗರ್ಭಕೋಶವನ್ನು ನಡುವೆ ಒತ್ತಿ ಹಿಡಿದದ್ದನ್ನೂ, ಔಷಧ, ಒಳಗೆ ಉಬ್ಬಿಸುವ ಬಲೂನು, ಹೊಲಿಗೆ ಯಾವುದಕ್ಕೂ ರಕ್ತ ನಿಲ್ಲದ್ದನ್ನೂ ಹೇಳಿದರು. ಒತ್ತಿ ಒತ್ತಿ ನರ ನೊಂದು ಜೋಮು ಹಿಡಿದ ಬೆರಳುಗಳಿಗೆ ಇನ್ನೂ ಪೂರ್ತಿ ಸ್ಪರ್ಶ ಮರಳಿರಲಿಲ್ಲ.

“ಆಕಿ ಏನೂ ಕೇಳಲಿಲ್ಲಪ್ಪ. ಆಕಿಗೆ ಎಚ್ಚರನ ಇರಲಿಲ್ಲ. ಉಳಸಾಕ ಆಗಲಿಲ್ಲ, ತಗದೆ.”

ಫಕ್ಕೀರೇಶ ಆ ಕೈಯನ್ನು ನೋಡಿದ. ಆಮೇಲೆ ಕಾಗದವನ್ನು ನೋಡಿದ.

“ನೀವು ಹೇಳೂದು ಖರೇ ಇರಬೌದ್ರಿ. ಆದ್ರ ನಮ್ಮವ್ವನ ಮುಂದ ಬಾಯಿಮಾತು ನಡಿಯೂದಿಲ್ಲ. ಡಾಕ್ಟ್ರು ಸುಳ್ಳ ಹೇಳ್ತಾರಂತನ ಈ ಮಶಿನ್ ತಂದದ್ದಲ್ರೀ?”

ಅವನು ಹೋದ. ನೀಲವ್ವನ ತವರಿನ ಕಡೆಗಲ್ಲ, ತನ್ನ ಮನೆಗೆ.

ನಿಯಮ ಬದಲಿಸೋಣವೆಂದು ನದಾಫರು ಮೇಲಿನವರನ್ನು ಕೇಳಿದರು. ಸೋತದ್ದನ್ನೆಲ್ಲ ಎಣಿಸತೊಡಗಿದರೆ ಮತ್ತೆ ಹಳೆಯ ಕಳ್ಳತನವೇ ಶುರುವಾಗುತ್ತದೆ ಎಂಬ ಉತ್ತರ ಬಂತು. ಹಿಂದೆ ಅವರೇ ಆಡಿದ್ದ ಮಾತು ಅದು.

ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಮೇಜಿನ ಮೇಲೆ ಇನ್ನೊಬ್ಬ ಬಾಣಂತಿಗೆ ರಕ್ತ ಹರಿಯತೊಡಗಿತು. ಉಜ್ವಲಾ ಮುಷ್ಟಿ ಒಳಗಿಟ್ಟು ಒತ್ತಿದರು. ಕೈ ಹೋದ ಸಲದಂತೆಯೇ ಮರಗಟ್ಟತೊಡಗಿತು. ರಕ್ತ ಕಡಿಮೆಯಾಗುತ್ತಿತ್ತು. ಇನ್ನಷ್ಟು ಹೊತ್ತು ಒತ್ತಿದರೆ ನಿಲ್ಲಬಹುದಿತ್ತು, ನಿಲ್ಲದೆಯೂ ಇರಬಹುದಿತ್ತು. ಫಕ್ಕೀರೇಶ ತಮ್ಮ ಕೈ ನೋಡಿ ಆಮೇಲೆ ಕಾಗದ ನೋಡಿದ್ದು ಅವರಿಗೆ ನೆನಪಾಯಿತು. ಒತ್ತಿ ಸೋತರೆ ಅದನ್ನು ಬರೆಯದ, ಮೇಲೆ ತೂಗುತ್ತಿದ್ದ ಯಂತ್ರದ ಕಡೆ ಒಮ್ಮೆ ಕಣ್ಣೆತ್ತಿ, ಕೈ ಹೊರಗೆ ತೆಗೆದು, ಚಾಕು ಕೇಳಿದರು.

ಆ ಹೆಂಗಸೂ ಬದುಕಿದಳು. ಯಂತ್ರ ಒಂದು ಸಂಕೇತ ಬರೆದು ದೃಶ್ಯವನ್ನು ಅಳಿಸಿತು. ನೀಲವ್ವನ ದಾಖಲೆಗೂ ಇದಕ್ಕೂ ಒಂದಕ್ಷರದ ವ್ಯತ್ಯಾಸ ಇರಲಿಲ್ಲ.