ಆರು ಹತ್ತರ ಸಿಳ್ಳೆ

ಹದಿನಾಲ್ಕನೇ ತಾರೀಕು ಬೆಳಗ್ಗೆ ಒಂಬತ್ತು ಹತ್ತಕ್ಕೆ ಸಿದ್ಧ ಉಡುಪು ಕಾರ್ಖಾನೆಯ ಮಾಲೀಕ ಠಾಣೆಗೆ ದೂರು ತಂದ. ಹಿಂದಿನ ಸಂಜೆ ಯಾರೋ ಹೊಲಿಗೆ ಯಂತ್ರದ ಗಾಳಿ ಕೊಳವೆ ಕತ್ತರಿಸಿದ್ದರು. ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗಿತ್ತು.

“ಯಾರ ಮೇಲೆ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

“ಆ ಮಷೀನು ನಡೆಸೋ ಹೆಂಗಸು, ಮೇಡಂ. ಕಿವುಡಿ. ಅವಳದ್ದೇ ಕೆಲಸ ಅಂತ ನಮ್ಮ ಮೇಸ್ತ್ರಿ ಹೇಳಿದ. ಸೋಮವಾರದಿಂದ ಅವನ ಬದಲು ಅವಳನ್ನೇ ಮೇಸ್ತ್ರಿ ಮಾಡೋನಿದ್ದೆ. ಈಗ ಇವತ್ತೇ ಮನೆಗೆ ಕಳಿಸ್ತೀನಿ.”

“ತನಿಖೆ ಮುಗಿಯೋವರೆಗೂ ಯಾರನ್ನೂ ಕಳಿಸಬೇಡಿ.”

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಸ್ಥಳ ಪಂಚನಾಮೆ. ಹೊಲಿಗೆ ಸಾಲಿನ ಹನ್ನೆರಡೂ ಜನ ಕಿವುಡರು, ಮೇಸ್ತ್ರಿಯೂ ಸೇರಿ. ಆದರೆ ಮೇಸ್ತ್ರಿಗೆ ಮಾತು ಬರುತ್ತಿತ್ತು, ಕಿವಿಯಲ್ಲಿ ಶ್ರವಣ ಯಂತ್ರವಿತ್ತು. ಉಳಿದವರ ಅಹವಾಲೆಲ್ಲ ಅವನ ಬಾಯಿಂದಲೇ ಮಾಲೀಕನಿಗೆ ತಲುಪಬೇಕಿತ್ತು.

“ನಾನು ಅವರ ಥರ ಅಲ್ಲ, ಮೇಡಂ,” ಎಂದ ಅವನು. “ನನಗೆ ಕೇಳಿಸುತ್ತೆ. ಅವರದ್ದು ಬರೀ ಕೈಕುಣಿತ. ಅವಳ ಹೇಳಿಕೆ ನಾನೇ ಅರ್ಥ ಮಾಡಿ ಹೇಳ್ತೀನಿ.”

“ಬೇಡ. ಬೇಲೀನೇ ಹೊಲ ಮೇಯ್ದ ಹಾಗಾಗುತ್ತೆ.”

ಹೆಂಗಸಿನ ತಂಗಿಯನ್ನು ಕರೆಸಿದರು. ಅಕ್ಕನ ಕೈ ನೋಡುತ್ತ ತಂಗಿ ಹೇಳಿದಳು: “ಐದೂ ನಲವತ್ತಕ್ಕೆ ಮನೆಗೆ ಹೊರಟೆ ಅಂತಾಳೆ. ಕೊಳವೆ ಸರಿಯಾಗೇ ಇತ್ತಂತೆ.”

ಗೇಟಿನ ಪುಸ್ತಕದಲ್ಲೂ ಅದೇ ಸಮಯವಿತ್ತು. ಮೇಸ್ತ್ರಿ ಹೊರಬಿದ್ದದ್ದು ಆರೂವರೆಗೆ, ಎಲ್ಲರಿಗಿಂತ ಕೊನೆಗೆ.

“ಆರು ಹತ್ತಕ್ಕೆ ಒಳಗಿಂದ ಸಿಳ್ಳೆ ಥರ ಸದ್ದು ಶುರುವಾಯ್ತು,” ಎಂದ ಕಾವಲುಗಾರ. “ಇಲ್ಲೀವರೆಗೂ ಕೇಳ್ತಿತ್ತು. ಮಷೀನ್ ಓಡ್ತಿದೆ ಅಂದ್ಕೊಂಡೆ.”

ಇನ್‌ಸ್ಪೆಕ್ಟರ್ ಮೇಸ್ತ್ರಿಯ ಬಳಿಗೆ ಮರಳಿದರು.

“ಆರೂವರೆವರೆಗೆ ಎಲ್ಲಿದ್ರಿ?”

“ನನ್ನ ಮೇಜಿನ ಹತ್ರ.”

“ಏನಾದ್ರೂ ಸದ್ದು?”

“ಇಲ್ಲ. ಸೂಜಿ ಬಿದ್ರೂ ಕೇಳಿಸ್ತಿತ್ತು.”

ಮೇಜಿಗೂ ಕೊಳವೆಗೂ ಆರು ಹೆಜ್ಜೆ.

ಮುಖ್ಯಪೇದೆ ಮೆಲ್ಲಗೆ ಹೇಳಿದ: “ಕಿವಿ ಇದ್ದೋನಾಗಿದ್ರೆ ಕತ್ತರಿಸಿದ ತಕ್ಷಣ ವಾಲ್ವ್ ತಿರುಗಿಸಿ ಗಾಳಿ ನಿಲ್ಲಿಸ್ತಿದ್ದ, ಮೇಡಂ. ಊರಿಗೆಲ್ಲ ಡಂಗುರ ಹೊಡೆಯೋ ಕಳ್ಳಕೆಲಸ ಯಾರು ಮಾಡ್ತಾರೆ?”

ಹನ್ನೆರಡು ಕತ್ತರಿಗಳನ್ನೂ ತರಿಸಿ ನೋಡಿದರು. ಕೊಳವೆಯ ಕೊಯ್ತದಲ್ಲಿ ಒಂದು ಗೀರಿತ್ತು. ಮೇಸ್ತ್ರಿಯ ಕತ್ತರಿಯ ಅಲಗು ಅದೇ ಅಳತೆಗೆ ಮುಕ್ಕಾಗಿತ್ತು.

ಮೂರು ಗಂಟೆಗೆ ಬಾಡಿಗೆ ಕಂಪ್ರೆಸರ್ ಬಂತು. ಇನ್‌ಸ್ಪೆಕ್ಟರ್ ಮೇಸ್ತ್ರಿಯನ್ನು ಎದುರಿಗೆ ಕೂರಿಸಿಕೊಂಡರು. ಅವನ ಬೆನ್ನ ಹಿಂದೆ ಮುಖ್ಯಪೇದೆ ಕತ್ತರಿಸಿದ ಕೊಳವೆಗೆ ಗಾಳಿ ಹರಿಸಿದ, ಸಿಳ್ಳೆ ಎದ್ದಿತು. ಮಾಲೀಕ ಎರಡೂ ಕಿವಿ ಮುಚ್ಚಿಕೊಂಡ. ಮೇಸ್ತ್ರಿ ಮಾತ್ರ ಮುಂದಿನ ಪ್ರಶ್ನೆಗಾಗಿ ನಗುಮುಖದಿಂದ ಕಾಯುತ್ತಿದ್ದ.

ಇನ್‌ಸ್ಪೆಕ್ಟರ್ ಅವನ ಹಿಂದಕ್ಕೆ ಬೆರಳು ತೋರಿಸಿದರು. ತಿರುಗಿ ನೋಡಿದವನ ನಗು ಇಳಿಯಿತು. ಕಿವಿಯ ಯಂತ್ರ ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ಬ್ಯಾಟರಿಯೇ ಇರಲಿಲ್ಲ.

“ಯಾವಾಗಿಂದ?”

“ಎಂಟು ತಿಂಗಳಾಯ್ತು. ಇದ್ದ ಒಂಚೂರೂ ಹೋಯ್ತು. ತುಟಿ ನೋಡ್ಕೊಂಡು ಸಂಭಾಳಿಸ್ತಿದ್ದೆ. ಅವಳು ಮೇಸ್ತ್ರಿ ಆದ್ರೆ ನಾನೂ ಅವರ ಸಾಲಿಗೇ ಬರ್ಬೇಕಿತ್ತು.”

“ಬಂದ್ರೆ ಏನಾಗ್ತಿತ್ತು?”

“ನಮ್ಮ ಶಾಲೇಲಿ ಮಾತು ಬರೋರಿಗೆ ಮುಂದಿನ ಬೆಂಚು, ಮೇಡಂ. ಕೈಯಲ್ಲಿ ಮಾತಾಡಿದ್ರೆ ಬೆರಳಿನ ಮೇಲೆ ಬೆತ್ತ. ಏಳನೇ ವಯಸ್ಸಿಗೇ ಕೈ ಬಿಗಿ ಹಿಡಿದವನು ನಾನು.”

ನಾಲ್ಕೂ ಇಪ್ಪತ್ತಕ್ಕೆ ದಸ್ತಗಿರಿ. ಮಾಲೀಕ ಆ ಹೆಂಗಸಿನ ಎದುರು ತಲೆತಗ್ಗಿಸಿ, “ಸೋಮವಾರ ಬೇಗ ಬಾಮ್ಮ,” ಎಂದ. ತಂಗಿ ತಿಳಿಸಿದಳು. ಅಕ್ಕ ತಲೆಯಾಡಿಸಿ ನೇರ ಮೇಸ್ತ್ರಿಯ ಮುಂದೆ ಹೋಗಿ ನಿಂತಳು. ಎರಡೂ ಕೈ ಚಾಚಿ ಗೆಣ್ಣುಗಳ ಮೇಲಿನ ಹಳೆಯ ಕಲೆ ತೋರಿಸಿದಳು. ಆಮೇಲೆ ಅವೇ ಕೈಗಳಲ್ಲಿ ಏನೋ ಕೇಳಿದಳು.

“ಅಕ್ಕನೂ ಅದೇ ಶಾಲೆ,” ಎಂದಳು ತಂಗಿ. “ಹಿಂದಿನ ಬೆಂಚು.”

ಮೇಸ್ತ್ರಿಯ ಕೈಗಳು ಮೇಲೆದ್ದವು. ಮರೆತ ದಾರಿಯಲ್ಲಿ ನಡೆಯುವವನಂತೆ ತಡವರಿಸುತ್ತ ಉತ್ತರಿಸತೊಡಗಿದ. ಬೇಡಿ ಹಿಡಿದು ಬಂದ ಮುಖ್ಯಪೇದೆಯನ್ನು ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದರು. ಮೇಸ್ತ್ರಿಯ ಮಾತು ಇನ್ನೂ ಮುಗಿದಿರಲಿಲ್ಲ.