ಮೊದಲೇ ಬರೆದಿಟ್ಟ ‘ಇಲ್ಲ’

ಸೋಮವಾರ, ಬೆಳಿಗ್ಗೆ 9.40. ವಶಪಡಿಸಿಕೊಂಡ ಮಾಲಿನ ಕೊಠಡಿ ನೋಡಿಕೊಳ್ಳುವ ಮುಖ್ಯ ಪೇದೆ ಕೈಬರಹದ ದೂರೊಂದನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರು. ಠಾಣೆಯವರು ಅವರನ್ನು ಬೀಗದಜ್ಜ ಎನ್ನುತ್ತಿದ್ದರು. ನ್ಯಾಯಾಲಯಕ್ಕೆ ಹೋಗಬೇಕಿದ್ದ ಮಾದಕ ಪುಡಿಯ ಪೊಟ್ಟಣ ಅರವತ್ತು ಗ್ರಾಂ ಇರಬೇಕಿತ್ತು, ತೂಗಿದರೆ ಐವತ್ತೆರಡು. ಕೀಲಿ ಇರುವುದು ಅಜ್ಜನ ಬಳಿ. ನಿವೃತ್ತಿಗೆ ಉಳಿದದ್ದು ಎರಡು ತಿಂಗಳು.

“ಕದ್ದೋರು ಸಿಗದಿದ್ರೆ ನನ್ನ ಹೆಸರೇ ಬರ್ಕೊಳ್ಳಿ, ಸಾರ್.”

“ಸುಮ್ನಿರಿ ಯಜಮಾನ್ರೇ.”

10.15ಕ್ಕೆ ಎಫ್‌ಐಆರ್ ದಾಖಲಾಯಿತು; ಆರೋಪಿ ಅಪರಿಚಿತ. ಸಂಜೆ ಐದಕ್ಕೆ ಮೇಲಧಿಕಾರಿಗೆ ವರದಿ ಹೋಗಬೇಕು. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಅಜ್ಜ ಅಮಾನತು.

ಹನ್ನೊಂದಕ್ಕೆ ಪಂಚನಾಮೆ. ಎದುರು ಸಾಲಿನ ದರ್ಜಿ, ಕ್ಷೌರಿಕ ಇಬ್ಬರನ್ನೂ ಪಂಚರಾಗಿ ಕರೆಸಿದರು. ಅರಗಿನ ಮುದ್ರೆ ಹಾಗೇ ಇತ್ತು. ಬಟ್ಟೆಚೀಲದ ತಳದ ಹೊಲಿಗೆಯನ್ನು ಯಾರೋ ಬಿಚ್ಚಿ ಮತ್ತೆ ಹಾಕಿದ್ದರು.

“ಹೊಲಿದೋನು ಎಡಚ, ಸಾರ್,” ಎಂದ ದರ್ಜಿ. “ದಾರ ಈ ಕಡೆ ವಾಲಿದೆ.”

“ಅವನನ್ನ ಅಂಗಡಿಗೆ ಸೇರಿಸ್ಕೊ ಮಾರಾಯ, ನಿನಗಿಂತ ನೀಟಾಗಿದೆ,” ಎಂದ ಕ್ಷೌರಿಕ.

ಎಲ್ಲರೂ ನಕ್ಕರು. ಅಜ್ಜನ ಮುಖ ಮಾತ್ರ ಬಾಡಿತು. ದೇವರೆದುರು ನಿಂತವರಂತೆ ಅವರು ಕಣ್ಣು ಮುಚ್ಚಿದರು.

“ಯಾರು, ಯಜಮಾನ್ರೇ?”

“ಶುಕ್ರವಾರ ಮಧ್ಯಾಹ್ನ ಗಡ್ಡ ಬಂದಿದ್ದ. ಮಗನ ಥರ ಅಲ್ವಾ ಸಾರ್... ಕೀಲಿ ಅಲ್ಲೇ ಬಿಟ್ಟು ಊಟಕ್ಕೆ ಹೋದೆ.”

ಗಡ್ಡ ಎಂದರೆ ಮಾರುವೇಷದ ಪೇದೆ. ಹದಿನಾಲ್ಕು ವಾರಗಳಿಂದ ಪುಡಿ ಮಾರುವವರ ನಡುವೆ ಅವರಲ್ಲೊಬ್ಬನಾಗಿದ್ದ. ಅಂಥವರಿಗೆ ನಿಯಮ ಸ್ಪಷ್ಟವಿದೆ. ಮಾದಕ ವಸ್ತು ಮುಟ್ಟಕೂಡದು; ಪ್ರಾಣಕ್ಕೆ ಕುತ್ತು ಬಂದು ಸೇವಿಸಲೇಬೇಕಾದರೆ ಅದೇ ದಿನ ತಿಳಿಸಬೇಕು, ವೈದ್ಯರನ್ನು ಕಾಣಬೇಕು. ತಿಳಿಸಿದವನಿಗೆ ಶಿಕ್ಷೆಯಿಲ್ಲ.

ಇನ್ಸ್‌ಪೆಕ್ಟರ್ ಅವನ ವಾರದ ವರದಿಗಳನ್ನು ತರಿಸಿದರು. ಅವನ ಪ್ರತಿ ಸಹಿಯ ಮೇಲೂ ಎಡಗೈ ಸವರಿದ ಶಾಯಿ. ‘ಮಾದಕ ವಸ್ತು ಸೇವನೆ’ ಎಂಬಲ್ಲಿ ಹದಿನಾಲ್ಕು ಸಲವೂ ‘ಇಲ್ಲ’. ಆ ಅಕ್ಷರ ಮಾತ್ರ ಗಡ್ಡನದಲ್ಲ, ಠಾಣೆಯ ಕಡತ ಬರೆಯುವ ರೈಟರ್‌ನದು.

“ಇದೇನಯ್ಯಾ?”

“ತಿಂಗಳಿಂದು ಒಟ್ಟಿಗೇ ತುಂಬಿಡ್ತೀನಿ, ಸಾರ್. ನೀವೂ ಒಟ್ಟಿಗೇ ಸಹಿ ಹಾಕ್ತೀರಲ್ಲ.”

ಇನ್ಸ್‌ಪೆಕ್ಟರ್ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಐದನೇ ವಾರದ ಹಾಳೆಯಲ್ಲಿ ‘ಇಲ್ಲ’ದ ಪಕ್ಕ ಒಂದು ದಪ್ಪ ಚುಕ್ಕೆ ಇತ್ತು. ಯಾರೋ ಬರೆಯಲೆಂದು ಪೆನ್ನು ಊರಿ, ಬಹಳ ಹೊತ್ತು ನಿಂತು, ಎತ್ತಿಬಿಟ್ಟ ಹಾಗೆ.

3.20ಕ್ಕೆ ಗಡ್ಡನನ್ನು ಕರೆತಂದರು. ಕೆನ್ನೆ ಒಳಸೇರಿತ್ತು. ಒಳಗೆ ಬಂದವನು ಮೊದಲು ನೋಡಿದ್ದು ಅಜ್ಜನನ್ನು.

“ಅಜ್ಜನ್ನ ಬಿಟ್ಬಿಡಿ, ಸಾರ್. ತೆಗೆದಿದ್ದು ನಾನು.”

“ಮಾರೋಕಾ?”

“ನನಗೇ.”

“ಯಾವಾಗಿಂದ?”

“ಐದನೇ ವಾರ. ನೀನು ಪೊಲೀಸಲ್ಲ ಅನ್ನೋದಾದ್ರೆ ಸೇದು ಅಂತ ಕುತ್ತಿಗೆಗೆ ಚಾಕು ಇಟ್ರು.”

“ಅವತ್ತೇ ಹೇಳಿದ್ರೆ ನಿಯಮ ನಿನ್ನ ಕಡೆಗಿತ್ತಲ್ಲಯ್ಯಾ!”

“ಹೇಳೋಕೇ ಬಂದೆ, ಸಾರ್. ಫಾರಂ ಕೊಟ್ರು. ಇಲ್ಲ ಅಂತ ಆಗ್ಲೇ ಬರೆದಿತ್ತು, ಕೆಳಗೆ ನಿಮ್ಮ ಸಹಿ. ಯಾರಿಗೂ ಕೇಳೋ ಮನಸ್ಸಿಲ್ಲ ಅನ್ನಿಸ್ತು. ಆಮೇಲೆ ಆ ಪುಡೀನೇ ನನ್ನನ್ನ ಬಿಡಲಿಲ್ಲ. ಹೊರಗೆ ಕೊಂಡ್ರೆ ಅವರ ಕೈಗೊಂಬೆ ಆಗ್ತಿದ್ದೆ. ಅದಕ್ಕೇ ಇಲ್ಲಿಗೆ ಬಂದೆ.”

ಬೀಗದಜ್ಜ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು. “ಹಾಳಾದೋನೇ, ನನ್ನ ಹತ್ರ ಹೇಳೋಕಾಗ್ಲಿಲ್ವಾ?” ಆ ಬೈಗುಳದಲ್ಲಿ ತಾಯಿಯ ದನಿಯಿತ್ತು. ಮನುಷ್ಯ ತನ್ನ ಪಾಪ ಹೇಳಿಕೊಳ್ಳಲು ಬಂದಾಗ ಬಾಗಿಲು ತೆರೆದಿಡುವುದೂ ಒಂದು ಪೂಜೆಯೇ. ಆ ಐದನೇ ವಾರ ಠಾಣೆಯಲ್ಲಿ ಅದು ನಡೆದಿರಲಿಲ್ಲ.

4.10ಕ್ಕೆ ಬಂಧನ. ಮೇಲಧಿಕಾರಿಗೆ ಹೋಗುವ ವರದಿಯ ಕೊನೆಗೆ ಇನ್ಸ್‌ಪೆಕ್ಟರ್ ತಾವು ಓದದೆ ಸಹಿ ಹಾಕಿದ ಹದಿನಾಲ್ಕು ಹಾಳೆಗಳ ಸಂಗತಿಯನ್ನೂ ಸೇರಿಸಿದರು.

ರೈಟರ್ ಬಂಧನದ ಪತ್ರ ತುಂಬುತ್ತಿದ್ದ. ‘ಆರೋಪಿಯ ಆರೋಗ್ಯ’ ಎಂಬಲ್ಲಿಗೆ ಬರುತ್ತಲೇ ಅವನ ಪೆನ್ನು ರೂಢಿಯಂತೆ ‘ಚೆನ್ನಾ’ ಎಂದು ಓಡಿತು. ಇನ್ಸ್‌ಪೆಕ್ಟರ್ ಅವನ ಕೈ ಹಿಡಿದರು.

“ಕೇಳಿ ಬರಿ.”

ರೈಟರ್ ತಲೆಯೆತ್ತಿದ. “ಹೇಗಿದ್ದೀಯೋ?”

ಹದಿನಾಲ್ಕು ವಾರಗಳಲ್ಲಿ ಆ ಪ್ರಶ್ನೆ ಇದೇ ಮೊದಲು. ಗಡ್ಡ ಎಡಗೈಯಿಂದ ಮುಖ ಮುಚ್ಚಿಕೊಂಡ.

“ಚೆನ್ನಾಗಿಲ್ಲ, ಅಣ್ಣಾ.”

ರೈಟರ್ ಹಾಗೆಯೇ ಬರೆದ. ಆಸ್ಪತ್ರೆಗೆ ಹೋಗುವ ಜೀಪು ಬಾಗಿಲಿಗೆ ಬಂತು.