ಕುಣಿಕೆಯ ಮೇಲೊಂದು ಕುಣಿಕೆ

ಆ ಗುರುವಾರ ಎಯ್ಲರ್ಟ್ ಎಸೆದ ಹಗ್ಗ ಎರಡು ಸಲ ನೀರಿಗೆ ಬಿತ್ತು. ಮೂರು ವರ್ಷದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ.

ಸ್ಕಾರ್ವಿಕ್ ಬಂದರಿನ ಧಕ್ಕೆಯ ಕಟ್ಟೆಯಲ್ಲಿ ನಿಂತು, ಬಂದ ಹಡಗಿನ ಹಗ್ಗ ಹಿಡಿದು ಅದರ ತುದಿಯ ಕುಣಿಕೆಯನ್ನು ಗೂಟಕ್ಕೆ ಹಾಕುವುದು ಓಡ್ನಿಯ ಕೆಲಸ. ಅಪ್ಪ ಮಾಡುತ್ತಿದ್ದ, ಅವನ ನಂತರ ಇವಳು. ಹತ್ತೊಂಬತ್ತು ವರ್ಷವಾಯಿತು. ‘ತೆರ್ನಾ’ ಗುರುವಾರ ಗುರುವಾರ ಬರುವ ಹಡಗು. ಹಿಟ್ಟಿನ ಮೂಟೆ, ಅಂಚೆಚೀಲ ಇಳಿಸಿ ಇಪ್ಪತ್ತೇ ನಿಮಿಷದಲ್ಲಿ ಹೊರಟುಬಿಡುತ್ತದೆ. ಮೂರು ವರ್ಷದಿಂದ ಅದರ ಹಿಂಬದಿಯಲ್ಲಿ ನಿಂತು ಹಗ್ಗ ಎಸೆಯುವವನು ಎಯ್ಲರ್ಟ್. ಅವನು ಎಸೆದ ಹಗ್ಗ ಅವಳ ಭುಜದಿಂದ ಒಂದು ಗೇಣು ಆಚೆ, ಹಕ್ಕಿ ಬಂದು ಕೂತ ಹಾಗೆ ಬೀಳುತ್ತಿತ್ತು.

ಮಂಜಿನೊಳಗಿಂದ ಮೊದಲು ಹಡಗಿನ ಸಿಳ್ಳು, ಆಮೇಲೆ ಕರಿ ಹೊಗೆ, ಆಮೇಲೆ ಅವನ ಕೆಂಪು ಗಡ್ಡ. ವಾರವಿಡೀ ಓಡ್ನಿಯ ಕಣ್ಣಲ್ಲಿ ಇಷ್ಟೇ ಇರುತ್ತಿತ್ತು. ಇಪ್ಪತ್ತು ನಿಮಿಷದ ಮಾತಾದರೂ ಏನು? ಗಾಳಿ, ಮೀನು, ಅವಳ ಕೈಚೀಲದ ತೂತು. ಅವನು ನಗುವಾಗ ಎಡಗಣ್ಣು ಮಾತ್ರ ಸಣ್ಣದಾಗುತ್ತದೆ ಎನ್ನುವುದು ಅವಳೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದಿದ್ದಳು.

ಮೂರನೇ ಸಲಕ್ಕೆ ಹಗ್ಗ ಕೈಗೆ ಸಿಕ್ಕಿತು.

“ಏನಪ್ಪಾ, ಬೆಳಗ್ಗೇನೇ ಹಾಕ್ಕೊಂಡು ಬಂದ್ಯಾ?” ಎಂದಳು.

“ನಿನ್ನ ನೋಡಿದ್ಮೇಲೆ ಬೇರೆ ಹಾಕ್ಕೋಬೇಕಾ ಮಾರಾಯ್ತಿ?” ಎಂದ. ಆದರೆ ಎಡಗಣ್ಣು ಸಣ್ಣದಾಗಲಿಲ್ಲ.

ಧಕ್ಕೆಗೆ ಇಳಿದು ಬಂದು ಅವಳ ಪಕ್ಕ ನಿಂತ. “ಇವತ್ತೇ ಕೊನೆ, ಓಡ್ನಿ. ರಸ್ತೆ ಆಯ್ತಲ್ಲ, ಇನ್ನು ನಿಮ್ಮೂರಿಗೆ ಬಸ್ಸು. ತೆರ್ನಾ ಬರಲ್ಲ.”

“ನೀನು?”

“ಶನಿವಾರ ಬರ್ಗನ್‌ನಲ್ಲಿ ದೊಡ್ಡ ಹಡಗಿಗೆ ಸಹಿ ಹಾಕಬೇಕು. ಒಂದ್ಸಲ ಹೋದ್ರೆ ಎರಡು ವರ್ಷ.” ಹೇಳಿ ಅವಳ ಮುಖ ನೋಡಿದ. “ಹಾಕೋದೋ ಬೇಡವೋ, ಇನ್ನೂ ಹೇಳಿಲ್ಲ ಅವರಿಗೆ.”

ಓಡ್ನಿ ಬಗ್ಗಿ, ಸರಿಯಾಗೇ ಇದ್ದ ಕುಣಿಕೆಯನ್ನು ಮತ್ತೆ ಸರಿಪಡಿಸಿದಳು. “ಒಳ್ಳೇದಾಯ್ತು ಬಿಡು,” ಅಂದುಬಿಟ್ಟಳು. ಅವನು ತಲೆಯಾಡಿಸಿ ಮೂಟೆಗಳ ಕಡೆ ಹೋದ.

ಅಷ್ಟರಲ್ಲಿ ಆಸ್ಮುಂಡಜ್ಜನ ಮೀನುದೋಣಿ ಹಿಂದಿನಿಂದ ಬಂದು ಹಗ್ಗ ಎಸೆಯಿತು. ತೆರ್ನಾದ ಕುಣಿಕೆ ಇದ್ದ ಗೂಟವೇ ಅದಕ್ಕೂ ಬೇಕು. ಒಂದೇ ಗೂಟಕ್ಕೆ ಎರಡು ಹಡಗು ಕಟ್ಟುವಾಗ, ಆಮೇಲೆ ಬಂದವರ ಕುಣಿಕೆಯನ್ನು ಮೊದಲಿನ ಕುಣಿಕೆಯೊಳಗೆ ಕೆಳಗಿಂದ ತೂರಿಸಿ ಮೇಲೆ ತಂದು ಗೂಟಕ್ಕೆ ಹಾಕಬೇಕು. ಆಗ ಯಾರು ಮೊದಲು ಹೊರಟರೂ ಇನ್ನೊಬ್ಬರಿಗೆ ತೊಡಕಿಲ್ಲ. ಅಲ್ಲಿನ ಐದು ವರ್ಷದ ಮಕ್ಕಳಿಗೂ ಇದು ಗೊತ್ತು.

ಓಡ್ನಿ ಅಜ್ಜನ ಕುಣಿಕೆಯನ್ನು ಎತ್ತಿ ಸೀದಾ ತೆರ್ನಾದ ಕುಣಿಕೆಯ ಮೇಲೆ ಹಾಕಿದಳು.

ಅಜ್ಜ, ಅವನ ಆಳುಗಳು ಮೊಮ್ಮಗಳ ನಾಮಕರಣದ ಕಾಫಿಗೆಂದು ಗುಡ್ಡ ಹತ್ತಿ ಹೋದರು. ಗಾಳಿ ದೋಣಿಯನ್ನು ಆಚೆ ತಳ್ಳಿತು, ಹಗ್ಗ ಬಿಗಿಯಿತು. ಇಪ್ಪತ್ತು ನಿಮಿಷಕ್ಕೆ ತೆರ್ನಾ ಸಿಳ್ಳು ಹಾಕಿತು. ಕೆಳಗಿನ ಕುಣಿಕೆ ಅಲ್ಲಾಡಲಿಲ್ಲ.

“ಯಾರು ಕಟ್ಟಿದ್ದು ಇದನ್ನ?” ಮೇಲಿಂದ ಕ್ಯಾಪ್ಟನ್ ಕೂಗಿದ. “ಓಡ್ನೀ! ನಿಮ್ಮಪ್ಪ ನೋಡಿದ್ರೆ ನಿನ್ನನ್ನೇ ಗೂಟಕ್ಕೆ ಕಟ್ಟಿರೋನು!”

ಧಕ್ಕೆಯ ಹೆಂಗಸರು ನಕ್ಕರು. ಅವಳ ಕಿವಿ ಕೆಂಪಾಯಿತು. ದೋಣಿಯಿಂದ ಹಗ್ಗ ಸಡಿಲಿಸಲು ಅಜ್ಜನೇ ಬೇಕು; ಕರೆತರಲು ಒಬ್ಬ ಓಡಿದ.

ಕಾದದ್ದು ಒಂದು ಗಂಟೆ. ಓಡ್ನಿ, ಎಯ್ಲರ್ಟ್ ಇಬ್ಬರೂ ಖಾಲಿ ಪೀಪಾಯಿಗಳ ಮೇಲೆ ಕೂತರು. ಮಂಜು ಮೆಲ್ಲಗೆ ಕರಗಿ, ನೀರಿನ ಮೇಲೆ ಹಾಲಿನಂಥ ಬೆಳಕು ಹರಡಿತು. ಅವಳು ಕೊಟ್ಟ ರೊಟ್ಟಿ, ಕಂದು ಚೀಸು ಅವನು ತಿಂದ. ಅವನ ತೋಳು ಅವಳ ತೋಳಿಗೆ ತಾಗಿತು. ಅವಳು ಸರಿಯಲಿಲ್ಲ.

“ಹತ್ತೊಂಬತ್ತು ವರ್ಷದಲ್ಲಿ ಇಂಥ ತಪ್ಪು ಎಷ್ಟು ಸಲ ಮಾಡಿದ್ದೀ?” ಮೆಲ್ಲಗೆ ಕೇಳಿದ.

“ಇದೇ ಮೊದಲು.”

“ಮರೆತ್ಯಾ? ಇಲ್ಲಾ…”

ಅವನು ಏನು ಕೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಹೌದು ಅಂದರೆ ಇಡೀ ಊರು ಆಡಿಕೊಳ್ಳುತ್ತದೆ. ಬೇಕೆಂದೇ ಹಡಗು ತಡೆದವಳ ಕೈಗೆ ಇನ್ನು ಯಾರು ಹಗ್ಗ ಕೊಟ್ಟಾರು? “ಮರೆತೆ,” ಎಂದಳು.

ಅವನು ರೊಟ್ಟಿಯ ಪುಡಿ ಕೊಡವಿ ಎದ್ದ. “ಸರಿ ಹಾಗಾದ್ರೆ. ಸಹಿ ಹಾಕ್ತೀನಿ.”

ಆಸ್ಮುಂಡಜ್ಜ ಬಾಯಿ ತುಂಬ ಕೇಕು ಇಟ್ಟುಕೊಂಡು ಬಂದು ಹಗ್ಗ ಸಡಿಲಿಸಿದ. ಓಡ್ನಿ ಅಜ್ಜನ ಕುಣಿಕೆ ತೆಗೆದು, ತೆರ್ನಾದ ಕುಣಿಕೆ ಎತ್ತಿ ನೀರಿಗೆ ಬಿಟ್ಟಳು. ಎಯ್ಲರ್ಟ್ ಮೇಲೆ ನಿಂತು, ಅವಳ ಕಡೆ ನೋಡದೆ ಎಳೆದುಕೊಂಡ. ಧಕ್ಕೆಗೂ ಹಡಗಿಗೂ ನಡುವೆ ಒಂದು ಮಾರು ನೀರು. ಎರಡು ಮಾರು. ಹತ್ತು.

“ಎಯ್ಲರ್ಟ್!”

ಅವನು ತಿರುಗಿದ. ಕ್ಯಾಪ್ಟನ್ನೂ ತಿರುಗಿದ, ಹೆಂಗಸರೂ ತಿರುಗಿದರು.

“ಮರೆತಿರ್ಲಿಲ್ಲ ಕಣೋ! ಬೇಕು ಅಂತಲೇ ಹಾಕಿದ್ದು!” ಹರಿದುಹೋದ ದನಿಯಲ್ಲಿ ಕೂಗಿದಳು. “ನೀನು ಹೋಗ್ಬಾರ್ದು ಅಂತ!”

 ಅಜ್ಜ ಕೇಕು ನುಂಗಿದ ಸದ್ದು ಕೇಳಿಸಿತು.

“ಬಸ್ಸು ಯಾವಾಗ ನಿಮ್ಮೂರಿಗೆ?” ದೂರದಿಂದ ಅವನ ಕೂಗು.

“ಮಂಗಳವಾರ!”

“ಬಸ್ಸಲ್ಲಿ ನಂಗೆ ವಾಂತಿ ಬರುತ್ತೆ ಕಣೇ!”

“ಬರ್ಲಿ! ಬಾ!”

ಮಂಗಳವಾರ ಮಧ್ಯಾಹ್ನ ಅಂಗಡಿಯ ಮುಂದೆ ಬಸ್ಸು ನಿಂತಿತು. ಮೂವತ್ತೆರಡು ತಿರುವಿನ ಹೊಸ ರಸ್ತೆ. ಇಪ್ಪತ್ತೆರಡು ವರ್ಷ ಕಡಲಲ್ಲಿ ಕಳೆದವನು ಪೆಟ್ಟಿಗೆ ಹಿಡಿದು, ಸುಣ್ಣ ಬಳಿದ ಗೋಡೆಯಂಥ ಮುಖ ಹೊತ್ತು ಇಳಿದ. ಎರಡು ಹೆಜ್ಜೆಗೇ ಕಾಲು ತಡವರಿಸಿತು. ಓಡ್ನಿ ಎರಡೂ ಕೈಯಲ್ಲಿ ಅವನ ತೋಳು ಹಿಡಿದಳು.

“ನಿಲ್ಲೋಕಾಗುತ್ತಾ?”

ಅವನ ಎಡಗಣ್ಣು ನಿಧಾನಕ್ಕೆ ಸಣ್ಣದಾಯಿತು. “ಆಗುತ್ತೆ,” ಎಂದ. “ಆದ್ರೂ ಬಿಡಬೇಡ.”